ತೆಕ್ಕಲಕೋಟೆಯ ಮಕ್ಕಳು ಗೇಮ್ ಮೇಳಕ್ಕೆ ಹೋಗಬೇಕೇ?

ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ವಿಡಿಯೊ ಗೇಮ್ ಉದ್ಯಮದವರೆಲ್ಲ ಸೇರುವ 'ಜಿಎಎಫ್‌ಎಕ್ಸ್' ಮೇಳ ರಾಜ್ಯ ಸರ್ಕಾರದ ಬೆಂಬಲದಿಂದ ಬೆಂಗಳೂರಿನಲ್ಲಿ ನಡೆಯುತ್ತದೆ. ಈ ಉದ್ಯಮಕ್ಕೆಂದೇ ರೂಪಿಸಿದ 2024–29ರ ನೀತಿಯನ್ನು ಸರ್ಕಾರ ಬಿಡುಗಡೆ ಮಾಡಿದ್ದು 2024ರ ಜನವರಿಯಲ್ಲಿ, ಇದೇ ಮೇಳದಲ್ಲಿ. ಗೇಮ್ ಕಂಪನಿಗಳು ಸ್ಟಾಲ್ ಹಾಕಿ ತಮ್ಮ ಆಟಗಳನ್ನು ಬಂದವರಿಂದ ಆಡಿಸುತ್ತವೆ. ಸರ್ಕಾರಿ ಹೈಸ್ಕೂಲುಗಳ ಶೈಕ್ಷಣಿಕ ಪ್ರವಾಸದಲ್ಲಿ ಇಂಥದ್ದೊಂದು ಮೇಳವೂ ಇರಬೇಕೇ? ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ಒಂಬತ್ತನೇ ತರಗತಿಯ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಬ್ಬರು ಬರೆದಿದ್ದಾರೆ.

ಪರ: ಆಟ ಮಾಡುವವರನ್ನು ಮಕ್ಕಳು ಕಣ್ಣಾರೆ ನೋಡಲಿ

ಸಂಜೆ ಹೊತ್ತು ನಮ್ಮೂರ ಯಾವ ಕಟ್ಟೆಯ ಹತ್ತಿರ ಹೋದರೂ ನಾಲ್ಕೈದು ಹುಡುಗರು ಮೊಬೈಲ್ ಅಡ್ಡ ಹಿಡಿದು ಕೂತಿರುತ್ತಾರೆ. ಹಾದುಹೋಗುವ ಹಿರಿಯರು ಒಂದು ಮಾತು ಬೈದು ಮುಂದೆ ನಡೆಯುತ್ತಾರೆ. ಬೈಸಿಕೊಂಡು ಮೊಬೈಲ್ ಕೆಳಗಿಟ್ಟ ಹುಡುಗನನ್ನು ನಾನು ಇದುವರೆಗೂ ನೋಡಿಲ್ಲ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್ಜಿ ಎಂಬ ಮೊಬೈಲ್ ಆಟವನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಅದು ಬಿಜಿಎಂಐ ಆಗಿ ಬಂತು. 2022ರಲ್ಲಿ ಅದನ್ನೂ ತೆಗೆಸಿದರು, 2023ರಲ್ಲಿ ಮತ್ತೆ ಬಂತು. ಇಷ್ಟೆಲ್ಲ ಆಗುವಾಗಲೂ ಹುಡುಗರು ಕಟ್ಟೆ ಬಿಟ್ಟು ಏಳಲಿಲ್ಲ.

ಶಿಕ್ಷಕಿಯಾಗಿ ನನ್ನನ್ನು ಕಾಡುವುದು ಬೇರೆ ವಿಷಯ. 'ಈ ಆಟ ಯಾರು ಮಾಡ್ತಾರೆ?' ಎಂದು ತರಗತಿಯಲ್ಲಿ ಕೇಳಿದರೆ 'ಕಂಪನಿ, ಮಿಸ್' ಎಂಬ ಉತ್ತರ ಬರುತ್ತದೆ. ಆ ಕಂಪನಿಯಲ್ಲಿ ಮನುಷ್ಯರಿದ್ದಾರೆ, ಅವರೂ ಯಾವುದೋ ಶಾಲೆಯಲ್ಲಿ ಚಿತ್ರ ಬಿಡಿಸುತ್ತ, ಲೆಕ್ಕ ಮಾಡುತ್ತ ಬೆಳೆದವರು ಎಂಬುದು ಮಕ್ಕಳಿಗೆ ಹೊಳೆಯುವುದೇ ಇಲ್ಲ. ಮೇಳದಲ್ಲಿ ಸಣ್ಣ ತಂಡಗಳ ಸ್ಟಾಲ್ ಮುಂದೆ ನಿಂತರೆ ಅದು ತಾನಾಗಿ ತಿಳಿಯುತ್ತದೆ. ಒಂದು ಮೇಜು, ಒಂದು ಲ್ಯಾಪ್‌ಟಾಪ್, ಹಿಂದೆ ಬ್ಯಾನರ್, ಪಕ್ಕದಲ್ಲಿ ಆಟ ಮಾಡಿದವರೇ ನಿಂತಿರುತ್ತಾರೆ. ಬಂದವರು ಆಡುವಾಗ ಅವರ ಕಣ್ಣು ಪರದೆಗಿಂತ ಹೆಚ್ಚಾಗಿ ಆಡುವವರ ಕೈ ಮತ್ತು ಮುಖದ ಮೇಲಿರುತ್ತದೆ. ಎಲ್ಲಿ ತಡವರಿಸಿದರು, ಯಾವ ಬಾಗಿಲು ಕಣ್ಣಿಗೆ ಬೀಳಲಿಲ್ಲ, ಎಲ್ಲಿ ಬೇಸರ ಬಂದು ಕೈಬಿಟ್ಟರು ಎಂದು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಳ್ಳುತ್ತಾರೆ. ನಮ್ಮ ಹುಡುಗಿಯೊಬ್ಬಳು 'ಇಲ್ಲಿ ನನಗ ದಾರಿ ತಿಳೀಲಿಲ್ಲ' ಅಂದರೆ ಅದೂ ಆ ನೋಟ್‌ಬುಕ್ಕಿಗೆ ಸೇರುತ್ತದೆ. ತಿಳಿಯಲಿಲ್ಲ ಎಂದಿದ್ದಕ್ಕೆ ಅವಳ ಅಂಕ ಕಡಿಮೆಯಾಗುವುದಿಲ್ಲ, ಎದುರಿಗಿದ್ದವರು ಥ್ಯಾಂಕ್ಸ್ ಹೇಳುತ್ತಾರೆ. ಇದನ್ನು ಬೋರ್ಡಿನ ಮೇಲೆ ಬರೆದು ಕಲಿಸಲು ನನ್ನಿಂದಾಗದು.

ಇಂಥ ಮೇಳದಲ್ಲಿ ಒಬ್ಬ ಮನುಷ್ಯ ಒಂದು ಸ್ಟಾಲಿನ ಮುಂದೆ ನಿಂತದ್ದರಿಂದ ಏನಾಯಿತು ನೋಡಿ. ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆಯುವ ಸಿಇಎಸ್ ಎಲೆಕ್ಟ್ರಾನಿಕ್ಸ್ ಮೇಳಕ್ಕೆ 1988ರಲ್ಲಿ ಹೆಂಕ್ ರೋಜರ್ಸ್ ಎಂಬ ಗೇಮ್ ಪ್ರಕಾಶಕ ಹೋಗಿದ್ದರು. ಅಲ್ಲೊಂದು ಸ್ಟಾಲಿನಲ್ಲಿ ಇಟ್ಟಿಗೆ ಜೋಡಿಸುವ ಟೆಟ್ರಿಸ್ ಆಟ ಆಡಿದರು. ಮತ್ತೆ ಸಾಲಿನಲ್ಲಿ ನಿಂತರು, ಮತ್ತೆ ಆಡಿದರು. ಮರುವರ್ಷ ಮಾಸ್ಕೋಗೇ ಹೋಗಿ, ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಆ ಆಟದ ಹಕ್ಕು ತಂದರು. ನಿಂಟೆಂಡೊ ಕಂಪನಿಯ ಗೇಮ್‌ಬಾಯ್ ಜೊತೆ ಟೆಟ್ರಿಸ್ ಲೋಕವೆಲ್ಲ ಸುತ್ತಿತು.

ಬೆಂಗಳೂರಿಗೆ ಈ ಉದ್ಯಮ ಹೊಸದಲ್ಲ. ರಾಜೇಶ್ ರಾವ್ ಅಲ್ಲಿ 1997ರಲ್ಲಿ ಶುರು ಮಾಡಿದ ಧ್ರುವ ಇಂಟರ್‍ಯಾಕ್ಟಿವ್ ಹೊರದೇಶದ ದೊಡ್ಡ ಆಟಗಳಿಗೆ ಚಿತ್ರ, ಮಾದರಿಗಳನ್ನು ಮಾಡಿಕೊಟ್ಟು ಬೆಳೆಯಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ನಮ್ಮ ಹುಡುಗರು ಹೆಸರು ಹೇಳಿ ಕುಣಿಯುವ ಜಿಟಿಎ ಆಟದ ಕಂಪನಿಯೇ ಅದು. ಈ ಉದ್ಯಮಕ್ಕೆ ದೇಶದಲ್ಲೇ ಮೊದಲು ನೀತಿ ತಂದ ರಾಜ್ಯ ನಮ್ಮದು, 2012ರಲ್ಲಿ. ಹೊಸ ನೀತಿಯ ಗುರಿ 30,000 ಉದ್ಯೋಗ. ಅದರಲ್ಲಿ ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಮಕ್ಕಳಿಗೆ ಎಷ್ಟು? ಇಂಥ ಕೆಲಸವಿದೆ ಎಂಬುದೇ ಗೊತ್ತಿಲ್ಲದ ಮಗು ಅದಕ್ಕೆ ಅರ್ಜಿ ಹಾಕುವುದು ಹೇಗೆ?

ಪೋಷಕರ ಭಯವನ್ನು ನಾನು ಹಗುರ ಮಾಡುವುದಿಲ್ಲ. ಆನ್‌ಲೈನ್ ರಮ್ಮಿಗೆ ದುಡ್ಡು ಹಾಕಿ ಸಾಲಕ್ಕೆ ಬಿದ್ದವರ ಕಥೆ ಎಲ್ಲ ಊರಲ್ಲೂ ಇದೆ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅದೇ ಕಾಯ್ದೆ ಸ್ಪರ್ಧೆಯಾಗಿ ಆಡುವ ವಿಡಿಯೊ ಗೇಮ್‌ಗಳಿಗೆ, ಅಂದರೆ ಇ-ಸ್ಪೋರ್ಟ್ಸ್‌ಗೆ, ಮಾನ್ಯತೆಯನ್ನೂ ಕೊಟ್ಟಿತು. ಜೂಜು ಯಾವುದು, ಆಟ ಯಾವುದು ಎಂದು ಕಾನೂನೇ ಬೇರೆ ಮಾಡಿರುವಾಗ ಮಕ್ಕಳಿಗೂ ಆ ಬೇರೆತನ ಕಾಣಿಸಬೇಕು.

ಆಟವಾಗಿ ಹೇಳಲು ನಮ್ಮಲ್ಲಿ ಕಥೆಯೂ ಇದೆ. ಊರ ಪಕ್ಕದ ಗುಡ್ಡದಲ್ಲಿ 1963ರಿಂದ 65ರವರೆಗೆ ಪುರಾತತ್ತ್ವಜ್ಞ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದರು. ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ಬಂಡೆಗಳ ನಡುವೆ ದುಂಡನೆ ಗುಡಿಸಲು ಹಾಕಿಕೊಂಡು, ದನ ಸಾಕಿ, ಕಲ್ಲು ಮಸೆದು ಕೊಡಲಿ ಮಾಡಿ ಬದುಕಿದ ಜನರಿದ್ದರು. ಜಪಾನಿನ ಸಮುರಾಯ್ ಮೇಲೆ ಆಟ ಬಂದಿದೆ, ಗ್ರೀಕ್ ದೇವರುಗಳ ಮೇಲೆ ಬಂದಿದೆ. ತೆಕ್ಕಲಕೋಟೆಯ ಗುಡ್ಡದ ಕಥೆಯನ್ನು ಆಟ ಮಾಡುವವರು ತೆಕ್ಕಲಕೋಟೆಯವರೇ ಆಗಬೇಕು.

ವಿರೋಧ: ಮೇಳ ಮಾರಾಟದ ಜಾಗ, ಕಲಿಕೆಯ ಜಾಗವಲ್ಲ

ಟೆಟ್ರಿಸ್ ಪ್ರಸ್ತಾಪವಾಗಿದ್ದು ಒಳ್ಳೆಯದಾಯಿತು. ಮೇಡಂ ಆ ಆಟ ಮಾರಾಟವಾದ ಕಥೆ ಹೇಳಿದ್ದಾರೆ, ಹುಟ್ಟಿದ ಕಥೆ ಹೇಳಿಲ್ಲ. 1984ರಲ್ಲಿ ಮಾಸ್ಕೋದ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಅಲೆಕ್ಸಿ ಪಾಜಿಟ್ನೊವ್ ಅದನ್ನು ಮಾಡಿದಾಗ ಅವರ ಮುಂದಿದ್ದ ಎಲೆಕ್ಟ್ರಾನಿಕಾ 60 ಕಂಪ್ಯೂಟರಿಗೆ ಚಿತ್ರ ಬಿಡಿಸಲೇ ಬರುತ್ತಿರಲಿಲ್ಲ. ಕೀಬೋರ್ಡಿನಲ್ಲಿದ್ದ ಆವರಣ ಚಿಹ್ನೆಗಳನ್ನೇ ಪಕ್ಕ ಪಕ್ಕ ಜೋಡಿಸಿ ಇಟ್ಟಿಗೆಗಳ ಆಕಾರ ಮಾಡಿದರು. ಅವರು ಯಾವ ಮೇಳವನ್ನೂ ನೋಡಿ ಬಂದಿರಲಿಲ್ಲ. ಅವರ ಹತ್ತಿರ ಒಂದು ಕಂಪ್ಯೂಟರ್ ಇತ್ತು, ಅದರ ಮುಂದೆ ಕೂರಲು ಸಮಯವಿತ್ತು. ನಮ್ಮ ಮಕ್ಕಳಿಗೆ ಇಲ್ಲದಿರುವುದು ಇವೆರಡೇ.

ಹಣ ಇರುವುದು ಅಷ್ಟೇ. ಅದನ್ನು ಎಲ್ಲಿ ಹಾಕಬೇಕು ಎಂಬುದು ನನ್ನ ಪ್ರಶ್ನೆ. ತೆಕ್ಕಲಕೋಟೆಯಿಂದ ಬಳ್ಳಾರಿಗೆ ಬಸ್ಸು, ಅಲ್ಲಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್, ಬೆಳಗ್ಗೆ ಬೆಂಗಳೂರು. ನಿದ್ದೆಗೆಟ್ಟ ನಲವತ್ತು ಮಕ್ಕಳು ಮೇಳದೊಳಗೆ ಹೋಗುತ್ತಾರೆ. ಒಂದು ಸ್ಟಾಲಿನಲ್ಲಿ ಎರಡೋ ಮೂರೋ ಯಂತ್ರ ಇದ್ದರೆ ಹೆಚ್ಚು. ಒಬ್ಬೊಬ್ಬರಿಗೆ ಐದು ನಿಮಿಷ ಸಿಕ್ಕರೆ ಪುಣ್ಯ. ನೋಟ್‌ಬುಕ್ ಹಿಡಿದ ಆ ತರುಣ ನಲವತ್ತು ಮಕ್ಕಳು ಒಟ್ಟಿಗೆ ಮುತ್ತಿಕೊಂಡಾಗ ಯಾರ ಮುಖ ನೋಡಬೇಕು?

ಅಷ್ಟಕ್ಕೂ ಹೋಗುವವರು ಯಾರು? ರಾತ್ರಿ ರೈಲು, ಹೊರಗೆ ವಸತಿ ಅಂದಕೂಡಲೇ ಅರ್ಧಕ್ಕರ್ಧ ಹುಡುಗಿಯರ ಮನೆಯವರು ಬೇಡ ಅನ್ನುತ್ತಾರೆ. ಗೇಮ್ ನೋಡಲಿಕ್ಕೆ ಎಂದರಂತೂ ಮಾತೇ ಮುಗಿಯಿತು. ಕೊನೆಗೆ ಹೋಗುವುದು ಕಟ್ಟೆಯ ಮೇಲೆ ಈಗಾಗಲೇ ಆಡುತ್ತಿರುವ ಹುಡುಗರು. ಮೊಬೈಲೇ ಕೈಗೆ ಸಿಗದ ಹುಡುಗಿಗೆ ಇಲ್ಲೂ ಪಾಲಿಲ್ಲ. ಇದೊಂದೇ ಕಾರಣಕ್ಕೆ ನಾನು ಬೇಡ ಎನ್ನಬಲ್ಲೆ.

ಪರದೆಯ ಮೇಲೆ ಕಾಣುವುದೆಲ್ಲ ನಿಜವೂ ಅಲ್ಲ. 2005ರಲ್ಲಿ ಅಮೆರಿಕದ ಇ3 ಮೇಳದಲ್ಲಿ 'ಕಿಲ್‌ಜೋನ್' ಹೊಸ ಆಟವೆಂದು ತೋರಿಸಿದ್ದು ಆಟವಾಗಿರಲಿಲ್ಲ, ಮೊದಲೇ ತಯಾರಿಸಿಟ್ಟ ಚಲನಚಿತ್ರ. 2018ರಲ್ಲಿ ಅದೇ ಮೇಳದಲ್ಲಿ ಎಲ್ಲರನ್ನೂ ಮರುಳುಮಾಡಿದ 'ಸೈಬರ್‌ಪಂಕ್ 2077' ಎರಡು ವರ್ಷದ ನಂತರ ಮಾರುಕಟ್ಟೆಗೆ ಬಂದಾಗ ಎಷ್ಟು ತಪ್ಪುಗಳಿದ್ದವೆಂದರೆ ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆದು ಹಣ ವಾಪಸ್ ಕೊಟ್ಟಿತು. ದೊಡ್ಡವರೇ ಮೋಸಹೋಗುವಲ್ಲಿ ಹದಿನಾಲ್ಕರ ಮಗು ಏನು ಮಾಡೀತು? ಕಂಪನಿಗಳಿಗೇ ಈಗ ಮೇಳ ಬೇಡವಾಗಿದೆ. ಸಿಇಎಸ್‌ನಲ್ಲಿ ತಮಗೆ ಮರ್ಯಾದೆಯಿಲ್ಲ ಎಂದು 1995ರಲ್ಲಿ ಅವು ಹುಟ್ಟುಹಾಕಿದ ಇ3 ಮೇಳ 2023ರ ಡಿಸೆಂಬರಿನಲ್ಲಿ ಶಾಶ್ವತವಾಗಿ ಮುಚ್ಚಿತು. ಹೊಸ ಆಟಗಳನ್ನು ಅವು ಇಂಟರ್ನೆಟ್ಟಿನಲ್ಲೇ ನೇರವಾಗಿ ತೋರಿಸುತ್ತವೆ.

ಉದ್ಯೋಗದ ಮಾತನ್ನೂ ಎಚ್ಚರದಿಂದ ಆಡಬೇಕು. 2025ರ ಫೆಬ್ರುವರಿ ಕೊನೆಯಲ್ಲಿ ಜಿಎಎಫ್‌ಎಕ್ಸ್ ನಡೆಯುವ ಹೊತ್ತಿಗೇ ಟೆಕ್ನಿಕಲರ್ ಎಂಬ ಜಾಗತಿಕ ವಿಷುವಲ್ ಎಫೆಕ್ಟ್ಸ್ ಕಂಪನಿ ದಿಢೀರನೆ ಕುಸಿಯಿತು. ಬೆಂಗಳೂರಿನಲ್ಲಿದ್ದ ಅದರ ಸ್ಟುಡಿಯೊಗಳ ಕಲಾವಿದರು ರಾತ್ರೋರಾತ್ರಿ ಬೀದಿಗೆ ಬಂದರು. ವರ್ಷಗಟ್ಟಲೆ ಪಳಗಿದ ಕೈಗಳವು. ವೇದಿಕೆಯ ಮೇಲಿನ ಭಾಷಣ ಕೇಳಿ ಬಂದ ಮಗುವಿಗೆ ಈ ಸುದ್ದಿಯನ್ನು ಹೇಳುವವರು ಯಾರು?

ಹಾಗಾದರೆ ಏನು ಮಾಡೋಣ? ಇಲ್ಲೇ, ಈ ಬೇಸಿಗೆಯಲ್ಲೇ, ಮಕ್ಕಳ ಕೈಯಲ್ಲಿ ಆಟ ಮಾಡಿಸೋಣ. ನಮ್ಮಲ್ಲಿ ಚೌಕಾಬಾರ ಇದೆ, ಹುಲಿ-ಕುರಿ ಆಟ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟ, ಇಸ್ಪೀಟು ಗಂಜೀಫಗಳನ್ನು ತಾವೇ ಕಟ್ಟಿದವರು. ನಮ್ಮ ಮಕ್ಕಳು ಕಾಲುವೆ ಆಟ ಮಾಡಲಿ. ಡ್ರಾಯಿಂಗ್ ಹಾಳೆಯ ಮೇಲೆ ತುಂಗಭದ್ರಾ ಕೆಳಮಟ್ಟದ ಕಾಲುವೆ (ಎಲ್‌ಎಲ್‌ಸಿ) ಬರೆಯಬೇಕು. ಆರು ಆಟಗಾರರು, ಆರು ತೂಬು. ಡ್ಯಾಮಿನಲ್ಲಿ ಎಷ್ಟು ನೀರಿದೆ ಎಂಬುದನ್ನು ಕವಡೆ ಹೇಳುತ್ತದೆ. ಮೇಲಿನವನು ಹೆಚ್ಚು ನೀರು ಹಿಡಿದರೆ ಕೊನೆಯವನ ಭತ್ತ ತೆನೆ ಕಟ್ಟುವ ಹೊತ್ತಿಗೆ ಒಣಗುತ್ತದೆ. ಒಂದು ಚೀಟಿಯಲ್ಲಿ 'ಗೇಟ್ ಕೊಚ್ಚಿಹೋಯಿತು' ಎಂದಿರಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟ್ ಹೋದದ್ದು ಈ ಭಾಗದ ಯಾವ ಮಗುವಿಗೆ ಗೊತ್ತಿಲ್ಲ? ಯಾರು ಎಷ್ಟು ಹಿಡಿಯಬೇಕು ಎಂಬ ನಿಯಮವನ್ನು ಮಕ್ಕಳೇ ಮಾಡಲಿ, ಆಡಿ ನೋಡಲಿ, ಜಗಳ ಬಂದರೆ ನಿಯಮ ಬದಲಿಸಲಿ. ಆಟ ಕಟ್ಟುವ ಕೆಲಸದ ಮುಖ್ಯ ಭಾಗವೇ ಇದು, ಇದಕ್ಕೆ ಕರೆಂಟೂ ಬೇಕಿಲ್ಲ. ನಂತರ ಕಂಪ್ಯೂಟರಿಗೆ ಹೋಗೋಣ. ಬ್ಲೆಂಡರ್, ಗೊಡೊ ಎಂಬ ತಂತ್ರಾಂಶಗಳಿಗೆ ಒಂದು ಪೈಸೆ ಕೊಡಬೇಕಿಲ್ಲ. ಈ ಬ್ಲೆಂಡರಿನಲ್ಲೇ ಮಾಡಿದ ಲಾಟ್ವಿಯಾ ದೇಶದ 'ಫ್ಲೋ' ಅನಿಮೇಷನ್ ಚಿತ್ರ 2025ರಲ್ಲಿ ಆಸ್ಕರ್ ಪಡೆಯಿತು. ಪ್ರವಾಸದ ಹಣದಲ್ಲಿ ನಾಲ್ಕು ಹಳೆಯ ಕಂಪ್ಯೂಟರ್ ರಿಪೇರಿಯಾಗುತ್ತವೆ. ಬೆಂಗಳೂರಿನಿಂದ ಆಟ ಮಾಡುವವರೊಬ್ಬರನ್ನು ಎರಡು ದಿನ ಇಲ್ಲಿಗೇ ಕರೆಸಬಹುದು. ಆಗ ಹುಡುಗಿಯರೂ ಬರುತ್ತಾರೆ.

ಪರ: ಒಂದು ಮರುಮಾತು

ಹುಡುಗಿಯರ ವಿಷಯದಲ್ಲಿ ವಿರೋಧಿಸಿದವರ ಮಾತಿಗೆ ತೂಕವಿದೆ. ಅದಕ್ಕೇ ನಾನು ಪಟ್ಟಿಯನ್ನು ಅವರಿಂದಲೇ ಶುರು ಮಾಡುತ್ತೇನೆ: ನಲವತ್ತು ಬೇಡ, ಹದಿನೈದು ಮಕ್ಕಳು ಸಾಕು, ಅದರಲ್ಲಿ ಹತ್ತು ಹುಡುಗಿಯರು, ಜೊತೆಗೆ ಇಬ್ಬರು ಶಿಕ್ಷಕಿಯರು, ಬರಲು ಒಪ್ಪುವ ಒಬ್ಬಿಬ್ಬರು ತಾಯಂದಿರು. ಮನೆಮನೆಗೆ ಹೋಗಿ ಒಪ್ಪಿಸುವ ಕೆಲಸ ನನ್ನದು. ಮೊದಲ ಸಲ ಹೈಸ್ಕೂಲಿಗೆ ಕಳಿಸಿ ಎಂದಾಗಲೂ ಬೇಡ ಎಂದ ಮನೆಗಳೇ ಅವು, ಆಮೇಲೆ ಕಳಿಸಿದವು.

ಕಾಲುವೆ ಆಟ ಬಹಳ ಚೆನ್ನಾಗಿದೆ. ಅದನ್ನು ಬೇಸಿಗೆಯಲ್ಲಿ ಮಾಡಿಸೋಣ. ಆಮೇಲೆ ಮಕ್ಕಳು ಅದೇ ಹಾಳೆ, ಅದೇ ಕವಡೆ ಹಿಡಿದು ಮೇಳಕ್ಕೆ ಬರಲಿ, ಸ್ಟಾಲಿನವರನ್ನು ಕೂರಿಸಿ ಆಡಿಸಲಿ. ಬೆಂಗಳೂರಿನವರೊಬ್ಬರು ಇಲ್ಲಿಗೆ ಬಂದರೆ ನಮ್ಮ ಮಕ್ಕಳು ಒಬ್ಬರ ಅಭಿಪ್ರಾಯ ಕೇಳುತ್ತಾರೆ. ಅಲ್ಲಿ ಇಪ್ಪತ್ತು ತಂಡಗಳು ಸಿಗುತ್ತವೆ, ಒಬ್ಬರು ಚೆನ್ನಾಗಿದೆ ಎಂದದ್ದನ್ನು ಇನ್ನೊಬ್ಬರು ಒಪ್ಪದಿರಬಹುದು. ಆ ಭಿನ್ನಾಭಿಪ್ರಾಯವನ್ನು ಮಕ್ಕಳು ಕೇಳಿಸಿಕೊಳ್ಳಬೇಕು. ಹತ್ತನೇ ತರಗತಿಯವರ ಪೂರ್ವಸಿದ್ಧತಾ ಪರೀಕ್ಷೆಗೆ ಅಡ್ಡಿಯಾಗದಂತೆ ಒಂಬತ್ತರವರನ್ನೇ ಕರೆದೊಯ್ಯಬೇಕು. ಇಲಾಖೆಯ ಅನುಮತಿಗೆ ಡಿಸೆಂಬರಿನಲ್ಲೇ ಪತ್ರ ಹೋಗಬೇಕು.