‘ಖಾಲಿ ಐತೆ’ ಅಂದ!

ನಮ್ಮ ಹೀರೋಗಳ ಬಂದೂಕಿನಲ್ಲಿ ಗುಂಡು ಮುಗಿಯೋದೇ ಇಲ್ಲ, ನೋಡಿದ್ದೀರಾ? ಹಾಲಿವುಡ್‌ನ ಕಿಯಾನು ರೀವ್ಸ್ ಗಿರಾಕಿಯೇ ಬೇರೆ. 2017ರಲ್ಲಿ ತೆರೆ ಕಂಡ ‘ಜಾನ್ ವಿಕ್: ಚಾಪ್ಟರ್ 2’ಕ್ಕಾಗಿ ಕ್ಯಾಲಿಫೋರ್ನಿಯಾದ ರೇಂಜಿನಲ್ಲಿ ನಿಜವಾದ ತೋಟಾ ಹಾಕಿಯೇ ಅಭ್ಯಾಸ ಮಾಡಿದರು. ಶಾಟ್‌ಗನ್ನಿನ ನಳಿಗೆಯಡಿಯ ಕೊಳವೆಗೆ ತೋಟಾ ತುಂಬಬೇಕು. ಪಳಗಿದವರು ಸೊಂಟದಿಂದ ನಾಲ್ಕನ್ನು ಒಟ್ಟಿಗೇ ಕಿತ್ತು, ಎರಡೆರಡಾಗಿ ನೂಕುತ್ತಾರೆ. ಆದರೆ ಮೊದಲ ಪಾಠ ವೇಗವಲ್ಲ ಸ್ವಾಮಿ: ನಳಿಗೆ ಯಾರ ಕಡೆಗೂ ತಿರುಗಬಾರದು, ಬೆರಳು ಟ್ರಿಗರ್ ಮೇಲಿರಬಾರದು.

ಒಮ್ಮೆ ಶೂಟಿಂಗ್ ಒಂದರಲ್ಲಿ ಸಹನಟನೊಬ್ಬ ಬಂದೂಕನ್ನು ನನ್ನೆದೆಗೇ ತಿರುಗಿಸಿ, ‘ಹೆದರ್ಬೇಡಿ, ಖಾಲಿ ಐತೆ’ ಅಂದ. ನಾನೂ ಹಲ್ಲು ಕಿರಿದೆ. 2021ರಲ್ಲಿ ‘ರಸ್ಟ್’ ಸೆಟ್ಟಿನಲ್ಲಿ, ಗುಂಡಿಲ್ಲ ಅಂದುಕೊಂಡ ರಿವಾಲ್ವರ್ ಸಿಡಿದು ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು. ನನ್ನ ಆ ನಗು ಈಗಲೂ ಗಂಟಲಲ್ಲೇ ಸಿಕ್ಕಿಕೊಂಡಿದೆ.