ಆ ಜೇಡ ಎಲ್ಲಿ ಸಿಕ್ತು ಎಂದು ಕೇಳಬೇಡಿ

ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದ ಏಳು ತಿಂಗಳು ನಾನಿದ್ದ ಪಿ.ಜಿ. ಕೋಣೆಯಲ್ಲಿ ನಾವು ಮೂವರಿದ್ದೆವು. ನಾನು, ನನ್ನ ರೂಮ್‌ಮೇಟ್ ಮತ್ತು ಅವನ ಟರಂಟುಲಾ. ಬಾಡಿಗೆ ಕೊಡುತ್ತಿದ್ದವರು ಇಬ್ಬರೇ. ಮೂರನೆಯವಳು ಮಂಚದ ಕೆಳಗೆ, ಮುಚ್ಚಳಕ್ಕೆ ತೂತು ಕೊರೆದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕೋಕೋಪೀಟ್ ಹಾಸಿಗೆಯ ಮೇಲೆ ಇದ್ದಳು. ಪಿ.ಜಿ. ಮಾಲೀಕರು ನೀರಿನ ಬಿಲ್ ಕೇಳಲು ಬಂದಾಗಲೆಲ್ಲ ಡಬ್ಬಿಯ ಮೇಲೆ ಒಂದು ಟವೆಲ್ ಬೀಳುತ್ತಿತ್ತು.

ಮೊದಲ ವಾರ ನನಗೆ ನಿದ್ದೆ ಬರಲಿಲ್ಲ. ನಮ್ಮೂರಲ್ಲಿ ಜೇಡ ಎಂದರೆ ಮೈಮೇಲೆ ಹರಿದು ಗುಳ್ಳೆ ಎಬ್ಬಿಸುವ ಪ್ರಾಣಿ. ಅಜ್ಜಿ ಅದಕ್ಕೆ ಮದ್ದನ್ನೂ ಅರೆಯುತ್ತಿದ್ದರು. ಅಂಗೈ ಅಗಲದ, ಕಪ್ಪು ಮೈಯ, ಮೊಣಕಾಲಿಗೆ ಕೇಸರಿ ಬಣ್ಣ ಬಳಿದಂತಿದ್ದ ಆ ಮೆಕ್ಸಿಕೋ ಮೂಲದ ‘ರೆಡ್ ನೀ’ ಟರಂಟುಲಾ ಮಾತ್ರ ದಿನದಲ್ಲಿ ಇಪ್ಪತ್ತಮೂರು ಗಂಟೆ ಅಲ್ಲಾಡುತ್ತಲೇ ಇರಲಿಲ್ಲ. ವಾರಕ್ಕೊಮ್ಮೆ ಮೀನಿನ ಅಂಗಡಿಯಿಂದ ತಂದ ಒಂದು ಹುಳ, ಬಾಟಲಿ ಮುಚ್ಚಳದಲ್ಲಿ ಒಂದಿಷ್ಟು ನೀರು. ಅವಳ ಖರ್ಚು ನನ್ನ ಒಂದು ದಿನದ ಚಹಾದ ಖರ್ಚಿಗಿಂತ ಕಡಿಮೆ. ಸಂದರ್ಶನದಿಂದ ಸೋತು ಬಂದ ಸಂಜೆಗಳಲ್ಲಿ ಡಬ್ಬಿಯ ಮುಂದೆ ಕೂತರೆ ಏಕೋ ಮನಸ್ಸು ತಣ್ಣಗಾಗುತ್ತಿತ್ತು. ‘ಮುಂದೇನು’ ಎಂದು ಕೇಳದ ಜೀವ ಆ ಕೋಣೆಯಲ್ಲಿ ಅದೊಂದೇ.

ಫೋಟೊ ತೆಗೆಯುವುದನ್ನು ಕಲಿತಿದ್ದೂ ಅವಳಿಂದಲೇ. ಮೊಬೈಲಿಗೆ ಸಿಕ್ಕಿಸುವ ಕ್ಲಿಪ್ ಮ್ಯಾಕ್ರೊ ಲೆನ್ಸ್, ಒಂದು ಟೇಬಲ್ ಲ್ಯಾಂಪ್, ಬೆಳಕನ್ನು ಮೃದು ಮಾಡಲು ಅದರ ಮುಂದೆ ತೆಳುವಾದ ಬಿಳಿ ಥರ್ಮಾಕೋಲ್ ಹಾಳೆ. ಇಷ್ಟೇ ಸರಂಜಾಮು. ಟರಂಟುಲಾಗೆ ಎಂಟು ಕಣ್ಣು. ಆದರೆ ಅವೆಲ್ಲ ತಲೆಯ ಮೇಲೆ ಸಾಸಿವೆಯ ಗುಡ್ಡೆಯಂತೆ ಒಂದೇ ಕಡೆ ಕೂತಿರುತ್ತವೆ. ಅಲ್ಲಿಗೆ ಫೋಕಸ್ ಕೂರಿಸಿದರೆ ಜೇಡಕ್ಕೆ ಮುಖ ಬರುತ್ತದೆ, ಇಲ್ಲದಿದ್ದರೆ ಅದು ಕೂದಲಿನ ಉಂಡೆ. ಒಮ್ಮೆ ತೀರಾ ಹತ್ತಿರ ಹೋದಾಗ ಹಿಂಗಾಲಿನಿಂದ ಹೊಟ್ಟೆಯನ್ನು ಸರಸರನೆ ಉಜ್ಜಿ ಗಾಳಿಗೆ ಕೂದಲು ತೂರಿದಳು. ಎರಡು ದಿನ ಕೈ ತುರಿಸಿತು. ಅಮೆರಿಕ ಖಂಡಗಳ ಅನೇಕ ಟರಂಟುಲಾಗಳಿಗೆ ಈ ವಿದ್ಯೆ ಗೊತ್ತು. ನಮ್ಮ ದೇಶದವಕ್ಕೆ ಆ ಕೂದಲಿಲ್ಲ. ಅವು ನೇರವಾಗಿ ಕಚ್ಚುತ್ತವೆ, ಕಚ್ಚಿದರೆ ನೋವು ಜೋರು, ಸ್ನಾಯುಗಳು ಸೆಟೆದುಕೊಳ್ಳುವುದೂ ಉಂಟು.

ಅವಳು ಪೊರೆ ಬಿಟ್ಟ ರಾತ್ರಿಯನ್ನು ಮರೆಯಲಾರೆ. ಹಲವು ದಿನ ಆಹಾರ ಮುಟ್ಟಿರಲಿಲ್ಲ. ಒಂದು ರಾತ್ರಿ ನೋಡಿದರೆ ಅಂಗಾತ ಬಿದ್ದಿದ್ದಾಳೆ. ಸತ್ತಳೆಂದು ನಾನು ಡಬ್ಬಿ ಎತ್ತಲು ಹೋದರೆ ರೂಮ್‌ಮೇಟ್ ಕೈ ಹಿಡಿದುಕೊಂಡ. ಟರಂಟುಲಾಗಳು ಪೊರೆ ಬಿಡುವುದೇ ಹಾಗೆ, ಬೆನ್ನ ಮೇಲೆ ಮಲಗಿ. ಆಗ ಮುಟ್ಟಿದರೆ ಮಾತ್ರ ಸಾಯಬಹುದು. ಬೆಳಗಿನ ಜಾವದ ಹೊತ್ತಿಗೆ ಡಬ್ಬಿಯಲ್ಲಿ ಎರಡು ಜೇಡಗಳಿದ್ದವು. ಒಂದು ಹೊಳೆಯುವ ಹೊಸದು, ಇನ್ನೊಂದು ಹಲ್ಲಿನ ಸಮೇತ ಕಳಚಿಟ್ಟ ಹಳೆಯ ಅಂಗಿ. ಅದನ್ನು ನೀರಲ್ಲಿ ನೆನೆಸಿ ಬಿಡಿಸಿ ಒಳಭಾಗ ನೋಡಿಯೇ ಹೆಣ್ಣೆಂದು ಅವನು ಖಚಿತ ಮಾಡಿಕೊಂಡಿದ್ದು. ಹೆಣ್ಣಾದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳಬಹುದು. ಗಂಡು ಪ್ರಾಯಕ್ಕೆ ಬಂದ ಮೇಲೆ ಹೆಚ್ಚು ಕಾಲ ಉಳಿಯುವುದಿಲ್ಲ.

ಇಪ್ಪತ್ತು ವರ್ಷ! ನಮ್ಮಿಬ್ಬರಿಗೂ ಮುಂದಿನ ತಿಂಗಳು ಯಾವ ಊರಿನಲ್ಲಿರುತ್ತೇವೆ ಎಂದೇ ಗೊತ್ತಿರಲಿಲ್ಲ. ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಜೇಡವನ್ನು ರೈಲಿನಲ್ಲಿ ಒಯ್ಯುವುದು ಹೇಗೆಂದು ತಲೆಕೆಡಿಸಿಕೊಂಡು, ಕೊನೆಗೆ ಪರಿಚಯದವರ ಪರಿಚಯದವರಿಗೆ ಕೊಟ್ಟು ಹೋದ. ಈ ಹವ್ಯಾಸದ ಬಗ್ಗೆ ನನ್ನ ಮೊದಲ ತಕರಾರು ಇದೇ. ನಮ್ಮ ವಯಸ್ಸಿನವರು ಮೂರು ತಿಂಗಳ ನೋಟಿಸ್ ಪೀರಿಯಡ್ ಲೆಕ್ಕದಲ್ಲಿ ಬದುಕುತ್ತೇವೆ, ಸಾಕುವುದು ಮಾತ್ರ ಎರಡು ದಶಕ ಬಾಳುವ ಪ್ರಾಣಿಯನ್ನು.

ಎರಡನೆಯ ತಕರಾರು ಆಗ ನನಗೆ ಹೊಳೆದಿರಲಿಲ್ಲ. ಇವಳು ಬಂದಿದ್ದು ಎಲ್ಲಿಂದ? ಕೇಳಿದಾಗ ‘ಯಾರೋ ಕೊಟ್ರು’ ಎಂದಿದ್ದ, ನಾನೂ ಸುಮ್ಮನಾಗಿದ್ದೆ. ರೆಡ್ ನೀ ಟರಂಟುಲಾಗಳನ್ನು ಸಾಕುವ ಹುಚ್ಚಿಗಾಗಿ ಮೆಕ್ಸಿಕೋದ ಕಾಡಿನಿಂದ ಎಷ್ಟು ಬಾಚಿದರೆಂದರೆ 1985ರಲ್ಲಿಯೇ ಅದನ್ನು ‘ಸೈಟಿಸ್’ ಎಂಬ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಬೇಕಾಯಿತು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯ ನಂತರ ಇಂಥ ಪಟ್ಟಿಯ ಜೀವಂತ ಪ್ರಾಣಿ ಕೈಯಲ್ಲಿದ್ದರೆ ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು, ಅದರ ನಿಯಮಗಳು 2024ರಲ್ಲಿ ಬಂದವು. ಟವೆಲ್ ಮುಚ್ಚಿದ ಆ ಡಬ್ಬಿಗೆ ಯಾವ ಕಾಗದ ಇತ್ತೋ ದೇವರಿಗೇ ಗೊತ್ತು.

ಇಷ್ಟು ಓದಿ ‘ಸಾಕುವುದು ತಪ್ಪು, ಫೋಟೊ ತೆಗೆಯುವುದು ಸರಿ’ ಎಂದು ನಾನು ಹೇಳಹೊರಟಿದ್ದೇನೆ ಅಂದುಕೊಳ್ಳಬೇಡಿ. ಒಂದು ಕಾಲಕ್ಕೆ ನಾನೂ ಹಾಗೇ ನಂಬಿದ್ದೆ. ಅವನು ಪುಣೆಗೆ ಹೋದ ಮೇಲೆ ‘ನನ್ನದು ಶುದ್ಧ ಹವ್ಯಾಸ, ಕ್ಯಾಮೆರಾದಲ್ಲಿ ಮಾತ್ರ ಹಿಡಿಯುತ್ತೇನೆ’ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ.

ದೀಪಾವಳಿಗೆ ಮಲೆನಾಡಿನ ನಮ್ಮೂರಿಗೆ ಹೋದಾಗ ರಾತ್ರಿ ಟಾರ್ಚ್ ಹಿಡಿದು ಸೊಪ್ಪಿನ ಬೆಟ್ಟ ಸುತ್ತಿದೆ. ಹುಲ್ಲಿನಲ್ಲಿ ಮಿಣಿಮಿಣಿ ಹೊಳೆಯುವ ಕಣ್ಣುಗಳೆಲ್ಲ ತೋಳ ಜೇಡಗಳವು, ಟರಂಟುಲಾ ಹಾಗೆ ಸುಲಭಕ್ಕೆ ಕಣ್ಣು ತೋರಿಸುವುದಿಲ್ಲ. ಮೂರನೆಯ ರಾತ್ರಿ, ಒಂದು ಹಳೇ ಮತ್ತಿ ಮರದ ಪೊಟರೆಯ ಬಾಯಲ್ಲಿ ನಾಲ್ಕು ಕಾಲು ಕಂಡವು. ಬೂದು ಬಣ್ಣದ ತೊಗಟೆಯ ಮೇಲೆ ಬೂದು ಬಣ್ಣದ ಕಾಲು, ಯಾರೋ ಕೂತು ಸೂಕ್ಷ್ಮವಾಗಿ ಬರೆದ ಚಿತ್ತಾರದಂತೆ. ಹತ್ತು ನಿಮಿಷ ಉಸಿರು ಬಿಗಿಹಿಡಿದು ನಿಂತೆ. ಅದು ನಿಧಾನಕ್ಕೆ ಹೊರಬಂದು ಮೇಲೇರುವಾಗ ಮುಂಗಾಲಿನ ಅಡಿಯ ಹಳದಿ ಕಂಡಿತು. ಪೊಸಿಲೊಥೀರಿಯಾ! ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಜಗತ್ತಿನ ಬೇರೆ ಕಾಡಿನಲ್ಲಿಲ್ಲದ, ಮರದಲ್ಲೇ ವಾಸಿಸುವ ಟರಂಟುಲಾ ಕುಲ ಅದು. ನಾನು ಹುಟ್ಟಿ ಬೆಳೆದ ಊರಲ್ಲಿ, ನಾನು ದನ ಕಾಯುತ್ತಿದ್ದ ಜಾಗದಿಂದ ಕೂಗಳತೆಯಲ್ಲಿ.

ಆ ರಾತ್ರಿಯೇ ಚಿತ್ರವನ್ನು ಇನ್‌ಸ್ಟಾಗ್ರಾಮಿಗೆ ಹಾಕಿದೆ. ಊರಿನ ಹೆಸರಿನ ಲೊಕೇಶನ್ ಟ್ಯಾಗ್ ಸಮೇತ, ಅಭಿಮಾನದಿಂದ. ನಾನೂರು ಫಾಲೋವರ್ ಇದ್ದ ನನ್ನ ಖಾತೆಯ ಆ ಒಂದು ಚಿತ್ರಕ್ಕೆ ಮೂರು ಸಾವಿರ ದಾಟಿ ಲೈಕ್ ಬಂತು. ಕೆಲಸಕ್ಕೆ ಹಾಕಿದ ಅರ್ಜಿಗಳಿಗೆ ‘ವಿ ರಿಗ್ರೆಟ್’ ಎಂಬ ಉತ್ತರ ಬಿಟ್ಟು ಬೇರೇನೂ ಕಾಣದ ಹುಡುಗನಿಗೆ ಆ ಮೂರು ಸಾವಿರ ಏನೆಂದು ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರಿಗಾದರೂ ಅರ್ಥವಾಗುತ್ತದೆ. ಒಬ್ಬರು ಖಾಸಗಿ ಸಂದೇಶ ಕಳಿಸಿದರು. ‘ಬ್ರೋ, ನಾನೂ ಫೋಟೊಗ್ರಾಫರ್. ಸಖತ್ ಶಾಟ್. ಎಕ್ಸಾಕ್ಟ್ ಎಲ್ಲಿ ಸಿಕ್ತು?’ ನಾನು ಮ್ಯಾಪಿನ ಪಿನ್ ಕಳಿಸಿದೆ. ‘ಗೇಟ್ ದಾಟಿ ಎಡಕ್ಕೆ ಎರಡನೇ ದೊಡ್ಡ ಮರ, ಎದೆಯೆತ್ತರದ ಪೊಟರೆ’ ಎಂದೂ ಬರೆದೆ. ನನ್ನನ್ನು ಯಾರೂ ಹೆದರಿಸಲಿಲ್ಲ, ಪುಸಲಾಯಿಸಲಿಲ್ಲ. ಕೇಳಿದರು, ಕೊಟ್ಟೆ.

ಸಂಕ್ರಾಂತಿಗೆ ಮತ್ತೆ ಹೋದಾಗ ಪೊಟರೆ ಇರಲಿಲ್ಲ. ಅಂದರೆ ಮರ ಇತ್ತು. ಪೊಟರೆಯ ಬಾಯನ್ನು ಉಳಿಯಿಂದಲೋ ಹಾರೆಯಿಂದಲೋ ಸೀಳಿ ಅಗಲ ಮಾಡಿದ್ದರು. ಸುತ್ತಲಿನ ತೊಗಟೆ ಕಿತ್ತು ಬುಡದಲ್ಲಿ ಬಿದ್ದಿತ್ತು. ಬೈಕಿನಲ್ಲಿ ಇಬ್ಬರು ಬಂದಿದ್ದರು, ಕಾಲೇಜಿನ ಪ್ರಾಜೆಕ್ಟ್ ಅಂದ್ರು ಎಂದು ಪಕ್ಕದ ತೋಟದವರು ಹೇಳಿದರು. ನನಗೆ ಸಂದೇಶ ಕಳಿಸಿದ್ದ ಖಾತೆಯೇ ಈಗ ಇಲ್ಲ. ಇಬ್ಬರೂ ಒಬ್ಬರೇ ಎಂದು ನಾನು ಸಾಬೀತು ಮಾಡಲಾರೆ. ಆದರೆ ಆ ಮರದ ದಾರಿಯನ್ನು ಬರೆದು ಕೊಟ್ಟಿದ್ದು ನಾನೊಬ್ಬನೇ.

ಆಮೇಲೆ ಓದಲು ಕೂತೆ. ಮೊದಲೇ ಓದಬೇಕಿತ್ತು. ಆಂಧ್ರದ ಗುತ್ತಿ ಹೆಸರು ನಮ್ಮ ಬಳ್ಳಾರಿ ಕಡೆಯವರಿಗೆ ರೈಲ್ವೆ ಜಂಕ್ಷನ್ ಆಗಿ ಗೊತ್ತು. ಜಗತ್ತಿನ ಜೇಡಪ್ರಿಯರಿಗೆ ಅದು ಒಂದು ನೀಲಿ ಟರಂಟುಲಾದ ಹೆಸರು. 1899ರಲ್ಲಿ ಪೊಕಾಕ್ ಎಂಬ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಅಲ್ಲಿ ರೈಲ್ವೆಯ ಮರಮುಟ್ಟಿನ ಅಂಗಳದಲ್ಲಿ ಸಿಕ್ಕ ಒಂದೇ ಒಂದು ಜೇಡವನ್ನು ನೋಡಿ ಪೊಸಿಲೊಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟ. ಆಮೇಲೆ ನೂರೆರಡು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಗುತ್ತಿಗೆ ಬಂದಿದ್ದು ಬಹುಶಃ ಮರದ ದಿಮ್ಮಿಗಳ ಜೊತೆ ರೈಲು ಹತ್ತಿ. ಅದರ ನೆಲೆ ನೂರು ಚದರ ಕಿಲೋಮೀಟರಿಗಿಂತ ಕಡಿಮೆ ಎಂದು ಅಂದಾಜಿಸಿ, ‘ಅಳಿವಿನ ತೀವ್ರ ಅಪಾಯದಲ್ಲಿರುವ’ ಪ್ರಾಣಿಗಳ ಕೆಂಪು ಪಟ್ಟಿಗೆ ಸೇರಿಸಿದರು. ಕಾಡಿನಲ್ಲಿ ಮರುಪತ್ತೆಯಾದ ಕೆಲವೇ ವರ್ಷಗಳಲ್ಲಿ ಆ ನೀಲಿ ಜೇಡ ಯುರೋಪ್, ಅಮೆರಿಕದ ಸಾಕಣೆದಾರರ ಡಬ್ಬಿಗಳಲ್ಲಿತ್ತು. ಇಡೀ ಪೊಸಿಲೊಥೀರಿಯಾ ಕುಲ ಸೈಟಿಸ್ ಪಟ್ಟಿಗೆ ಬಂದಿದ್ದು 2019ರಲ್ಲಿ.

2017ರಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಲಿಂಡನ್‌ಮೇಯರ್ ಮತ್ತು ಶೀಲೆ ಎಂಬ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಒಂದು ಲೇಖನ ಬರೆದರು. ಶೀರ್ಷಿಕೆಯೇ ‘ಪ್ರಕಟಿಸಬೇಡಿ’. ಅಪರೂಪದ ಜೀವಿಗಳ ನಿಖರ ಜಾಗವನ್ನು ವಿಜ್ಞಾನದ ಪತ್ರಿಕೆಗಳಲ್ಲೂ ಮುದ್ರಿಸಬೇಡಿ, ಕಳ್ಳರು ನಮ್ಮ ಪ್ರಬಂಧಗಳನ್ನು ನಮಗಿಂತ ಶ್ರದ್ಧೆಯಿಂದ ಓದುತ್ತಿದ್ದಾರೆ ಎಂಬುದು ಅದರ ಸಾರ. ವಿಜ್ಞಾನಿಗಳೇ ಹೀಗೆ ಯೋಚಿಸುತ್ತಿರುವಾಗ ಮೂರು ಸಾವಿರ ಲೈಕಿನ ನಾವು ಯಾವ ಧೈರ್ಯದಿಂದ ಪಿನ್ ಹಂಚುತ್ತೇವೆ?

ಗೆಳತಿಯೊಬ್ಬಳು, ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಿರುವವಳು, ನನ್ನ ಜೊತೆ ಜಗಳಕ್ಕೇ ಬಂದಳು. ‘ಎಲ್ಲರೂ ಮುಚ್ಚಿಟ್ಟರೆ ಆ ಪ್ರಾಣಿ ಅಲ್ಲಿದೆ ಅಂತ ಗೊತ್ತಾಗುವುದು ಹೇಗೆ? ನಾಳೆ ರಸ್ತೆ ಅಗಲ ಮಾಡಲು ಜೆಸಿಬಿ ಬಂದಾಗ ನಿನ್ನ ಗುಟ್ಟು ಕಾಪಾಡುತ್ತದಾ?’ ಅವಳ ಮಾತಿನಲ್ಲಿ ಹುರುಳಿದೆ. ನಮ್ಮ ಪಶ್ಚಿಮಘಟ್ಟದಲ್ಲಿ ಥ್ರಿಗ್ಮೋಪಿಯಸ್ ಎಂಬ ಇನ್ನೊಂದು ಟರಂಟುಲಾ ಕುಲವಿದೆ. ಅದು ಮಣ್ಣಿನ ಧರೆಯಲ್ಲಿ ಬಿಲ ಕೊರೆದು, ಬಾಯಿಗೆ ಬಲೆಯ ಹೊದಿಕೆ ಹೆಣೆದು ಕೂರುತ್ತದೆ. ರಸ್ತೆ ಬದಿಯ ಧರೆಯಲ್ಲೂ ಇರುತ್ತದೆ. ಧರೆ ಜಾರಿಸಿದರೆ ಅದರ ಕಥೆ ಮುಗಿಯಿತು, ಯಾವ ಕಳ್ಳನೂ ಬರಬೇಕಿಲ್ಲ. ನೀಲಿ ಜೇಡವನ್ನು ಕೆಂಪು ಪಟ್ಟಿಗೆ ಹಾಕಲು ಸಾಧ್ಯವಾಗಿದ್ದೂ ಯಾರೋ ಜಾಗ ಗುರುತಿಸಿ ಬರೆದಿಟ್ಟಿದ್ದರಿಂದಲೇ.

ಹಾಗಾಗಿ ನಾನು ಯಾರಿಗೂ ಹೇಳಬೇಡಿ ಅನ್ನುತ್ತಿಲ್ಲ. ಯಾರಿಗೆ ಹೇಳುತ್ತೇವೆ ಎಂಬುದೇ ಎಲ್ಲ. ಐನ್ಯಾಚುರಲಿಸ್ಟ್ ಆ್ಯಪ್‌ನಲ್ಲಿ ಅಪಾಯದಲ್ಲಿರುವ ಜೀವಿಯ ದಾಖಲೆ ಹಾಕಿದರೆ ಅದು ನಿಖರ ಜಾಗವನ್ನು ಮರೆಮಾಡಿ ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಒಂದು ಚೌಕವನ್ನಷ್ಟೇ ಸಾರ್ವಜನಿಕರಿಗೆ ತೋರಿಸುತ್ತದೆ. ಅದು ತಾನಾಗಿ ಮಾಡದಿದ್ದರೆ ನಾವೇ ಮರೆಮಾಡಬಹುದು. ಸಂಶೋಧಕರಿಗೆ, ಅರಣ್ಯ ಇಲಾಖೆಗೆ ಬೇಕಾದರೆ ಪ್ರತ್ಯೇಕವಾಗಿ ಕೊಡಬಹುದು. ಮೊಬೈಲ್ ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಆಫ್ ಮಾಡಲು ಅರ್ಧ ನಿಮಿಷ ಸಾಕು. ಮೂಲ ಫೋಟೊ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಅದರೊಳಗಿನ ಅಕ್ಷಾಂಶ, ರೇಖಾಂಶವೂ ಜೊತೆಗೇ ಹೋಗುತ್ತದೆಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಹಿನ್ನೆಲೆಯಲ್ಲಿ ಕಾಣುವ ಮೈಲುಗಲ್ಲು, ದೇವಸ್ಥಾನದ ಗೋಪುರ, ಹೋಮ್‌ಸ್ಟೇ ಬೋರ್ಡು ಕೂಡ ಪಿನ್ ಇದ್ದಂತೆಯೇ.

ಜೇಡ ಸಾಕುವವರ ಮೇಲೆ ನನಗೆ ಈಗಲೂ ದ್ವೇಷವಿಲ್ಲ. ಪೊರೆ ಬಿಡುವ ಆ ರಾತ್ರಿಯನ್ನು ನನಗೆ ತೋರಿಸಿದ್ದು ಕಾಡಲ್ಲ, ಮಂಚದ ಕೆಳಗಿನ ಡಬ್ಬಿ. ಸಾಕಣೆಯಲ್ಲೇ ಹುಟ್ಟಿದ್ದು ಎಂದು ತೋರಿಸುವ ದಾಖಲೆ ಇದ್ದು, ನೋಂದಣಿಯಾಗಿ, ಇಪ್ಪತ್ತು ವರ್ಷದ ಹೊಣೆಗೆ ಸಿದ್ಧರಿದ್ದರೆ ಅದು ಅವರ ಇಷ್ಟ. ಆದರೆ ‘ನಮ್ಮದೇ ಕಾಡಿನದು, ಫ್ರೆಶ್’ ಎಂದು ಟೆಲಿಗ್ರಾಮ್ ಗುಂಪಿನಲ್ಲಿ ಯಾರಾದರೂ ಮಾರಲು ಬಂದರೆ ಅದು ನನ್ನ ಮತ್ತಿ ಮರದಂಥದ್ದೇ ಒಂದು ಮರದಿಂದ ಬಂದಿದ್ದು. ಅದನ್ನು ಕೊಂಡು ‘ರಕ್ಷಣೆ ಮಾಡಿದೆ’ ಎನ್ನುವವರ ಮಾತಿಗೆ ನನ್ನಲ್ಲಿ ತಾಳ್ಮೆ ಉಳಿದಿಲ್ಲ.

ಆ ಹಳೆಯ ಚಿತ್ರವನ್ನು ಅಳಿಸಿಹಾಕಿದೆ. ಲೈಕುಗಳೂ ಹೋದವು, ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳು. ಈಗ ನನಗೊಂದು ಸಣ್ಣ ಕೆಲಸ ಸಿಕ್ಕಿದೆ, ರಜೆ ಕಡಿಮೆ. ಕಳೆದ ಮಳೆಗಾಲ ಮುಗಿದ ಮೇಲೆ ಎರಡು ದಿನಕ್ಕೆ ಊರಿಗೆ ಹೋದಾಗ ಇನ್ನೊಂದು ಪೊಟರೆಯಲ್ಲಿ ಮತ್ತೆ ಆ ಚಿತ್ತಾರದ ಕಾಲುಗಳು ಕಂಡವು. ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಂಡು, ಕಣ್ಣಿಗೆ ಫೋಕಸ್ ಕೂರಿಸಿ ನಾಲ್ಕೇ ಫೋಟೊ ತೆಗೆದು ಬಂದೆ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಪ್ಪನಿಗೆ ತೋರಿಸಿದೆ. ಅಪ್ಪ ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು.

‘ಚಂದ ಉಂಟಲ್ಲೋ. ಎಲ್ಲಿ ಸಿಕ್ತು?’

‘ಇಲ್ಲೇ ಎಲ್ಲೋ ಅಪ್ಪ,’ ಅಂದೆ.