ಹುಲಿಗಾಗಿ ಅತ್ತವರು ನಾವು

ಪುಣ್ಯಕೋಟಿಯ ಕಥೆ ಕೇಳುವಾಗ ನೀವು ಎಷ್ಟು ಸಲ ಅತ್ತಿದ್ದೀರಿ? ಹುಲಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಹಸು ತನ್ನ ಕರುವನ್ನು ಬಿಟ್ಟು ಹೊರಟಾಗ ಒಮ್ಮೆ. ನಾಚಿದ ಹುಲಿ ಪ್ರಾಣ ಬಿಟ್ಟಾಗ ಇನ್ನೊಮ್ಮೆ. ತಿನ್ನಲು ಬಂದವನಿಗೂ ಕಣ್ಣೀರು ಹಾಕುವುದನ್ನು ಆ ಕಥೆ ನಮಗೆ ಕಲಿಸಿತು.

ಅದೇ ಕಥೆ ನಾಳೆ ನೂರು ಕೋಟಿಯ ಸಾಹಸಚಿತ್ರವಾದರೆ? ಪುಣ್ಯಕೋಟಿ ಹುಲಿಯ ಹೊಟ್ಟೆ ಬಗೆಯುತ್ತಾಳೆ, ಇಂಟರ್‌ವೆಲ್ ಹೊತ್ತಿಗೆ ಕಾಡು ಧಗಧಗ ಉರಿಯುತ್ತದೆ, ನಾವು ಶಿಳ್ಳೆ ಹೊಡೆಯುತ್ತೇವೆ. ಅತಿಯಾಯಿತು ಅನ್ನಬೇಡಿ. 2012ರಲ್ಲೇ ಹಾಲಿವುಡ್ಡಿನವರು ಸ್ನೋ ವೈಟ್‌ಗೆ ಕವಚ ತೊಡಿಸಿ ಯುದ್ಧಕ್ಕೆ ಕಳಿಸಿದರು. ಮರುವರ್ಷ, ಕಾಡಿನಲ್ಲಿ ದಾರಿ ತಪ್ಪಿದ ಹ್ಯಾನ್ಸೆಲ್ ಮತ್ತು ಗ್ರೆಟೆಲ್‌ರನ್ನು ದೊಡ್ಡವರನ್ನಾಗಿಸಿ ಕೈಗೆ ಬಂದೂಕು ಕೊಟ್ಟರು. 2022ರ ‘ಕಾಂತಾರ’ ಗೆದ್ದ ಮೇಲೆ ದಂತಕಥೆಗೆ ಮಾರುಕಟ್ಟೆಯಿದೆ ಎಂಬುದು ನಮ್ಮ ಚಿತ್ರರಂಗಕ್ಕೂ ಗೊತ್ತಾಗಿದೆ. ಒಳ್ಳೆಯದೇ. ದುಡ್ಡು ಸುರಿಯಲಿ. ಕಥೆ ಗೆಲ್ಲುವ ದಾರಿಯನ್ನೇ ತಿರುಚಿದರೆ ಮಾತ್ರ ನನ್ನ ತಕರಾರು.

ನಮ್ಮ ಹಾಸನ ಜಿಲ್ಲೆಯ ಕಥೆಗಳನ್ನೇ ನೋಡಿ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ, ‘ಸಮರ ಪರಶುರಾಮ’ ಎಂಬ ಬಿರುದಿದ್ದವನು. ಆ್ಯಕ್ಷನ್ ಹೀರೋ ಬೇಕೆಂದರೆ ಇವನೇ ಸಾಕು. ಆದರೆ ಅವನು ಕೊಡಗಟ್ಟಲೆ ಹಾಲು ಸುರಿಸಿದರೂ 58 ಅಡಿಯ ಮೂರ್ತಿಯ ಪಾದ ನೆನೆಯಲಿಲ್ಲವಂತೆ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಗುಟುಕು ಹಾಲು ನೆತ್ತಿಯಿಂದ ಪಾದದವರೆಗೂ ಹರಿಯಿತಂತೆ. ದೊಡ್ಡ ಬಜೆಟ್ಟು ಸೋತ ಕಥೆಯಿದು! ಆ ಗುಳ್ಳಕಾಯಜ್ಜಿ ಕೈಯಲ್ಲಿ ಕಾಯಿ ಹಿಡಿದು ಇಂದಿಗೂ ಗೊಮ್ಮಟನ ಎದುರು ನಿಂತಿದ್ದಾಳೆ.

ಹಾಸನಾಂಬೆಯ ಗುಡಿಯಲ್ಲಿ ಸೊಸೆಕಲ್ಲಿದೆ. ಅತ್ತೆಯ ಕಾಟಕ್ಕೆ ನೊಂದು ಕಲ್ಲಾದ ಸೊಸೆ ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತಾಳೆಂಬ ನಂಬಿಕೆ. ಆ ತಾಳ್ಮೆಯನ್ನು ಯಾವ ಕ್ರೇನಿಗೆ ಕಟ್ಟಿ ಎಳೆಯುತ್ತೀರಿ?

ಕಥೆಯನ್ನು ತೆರೆಗೆ ತರಲೇಬಾರದು ಎನ್ನುತ್ತಿಲ್ಲ. ಸಂತೇಶಿವರದ ಎಸ್.ಎಲ್. ಭೈರಪ್ಪನವರು ಪುಣ್ಯಕೋಟಿಯನ್ನು ನೆನೆದೇ ಬರೆದ ‘ತಬ್ಬಲಿಯು ನೀನಾದೆ ಮಗನೆ’ 1977ರಲ್ಲಿ ಸಿನಿಮಾ ಆಯಿತು. ಹೂವಿನ ಮರವಾಗುವ ಹುಡುಗಿಯ ಕನ್ನಡ ಕಥೆಯನ್ನು ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಮಾಡಿದರು. ಆ ಹುಡುಗಿ ಮೊದಲೇ ಎಚ್ಚರಿಸುತ್ತಾಳೆ: ಹೂ ಬಿಡಿಸುವಾಗ ಚಿಗುರು ಮುರಿಯಬಾರದು. ಮುರಿದವರಿಂದಾಗಿ ಅವಳು ಕೈಕಾಲು ಕಳೆದುಕೊಂಡು ಬಿದ್ದಳು. ಕಥೆಗೆ ಕೈಹಾಕುವವರೆಲ್ಲ ಪಾಲಿಸಬೇಕಾದ ನಿಯಮ ಇಷ್ಟೇ.

ಚಿತ್ರ ಮಾಡುವ ಗೆಳೆಯರೇ, ಫೈಟ್ ಮಾಸ್ಟರನ್ನು ಕರೆಸುವ ಮೊದಲು ಈ ಕಥೆ ಯಾವುದರಿಂದ ಗೆಲ್ಲುತ್ತದೆ ಎಂದು ಕೇಳಿಕೊಳ್ಳಿ. ಕೊಟ್ಟ ಮಾತಿನಿಂದ ಗೆಲ್ಲುವುದಾದರೆ ಮಾತಿನಿಂದಲೇ ಗೆಲ್ಲಲು ಬಿಡಿ.

ಅರಕಲಗೂಡು ಕಡೆ ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಹಾಕುತ್ತಾ ರಾತ್ರಿ ಕಾಯುವ ಅಣ್ಣಂದಿರೇ, ಜೊತೆಗಿರುವ ಹಿರಿಯರಿಂದ ಒಂದು ಕಥೆ ಹೇಳಿಸಿ. ಹೊಳೆನರಸೀಪುರದ ಮೇಷ್ಟ್ರೇ, ಮೇಡಂ, ಈ ರಜೆಗೆ ಅಜ್ಜಿಯ ಬಾಯಿಂದ ಒಂದು ಕಥೆ ಕೇಳಿ ಬರೆದು ತರಲು ಮಕ್ಕಳಿಗೆ ಹೇಳಿ. ‘ಜಾನಪದ ಜಂಗಮ’ ಎಸ್.ಕೆ. ಕರೀಂಖಾನರು ಊರೂರು ಅಲೆದು ಪದ ಕೂಡಿಹಾಕಿದವರು. ನಮಗೋ, ಧ್ವನಿ ಹಿಡಿಯುವ ಯಂತ್ರ ಜೇಬಿನಲ್ಲೇ ಇದೆ. ಮೂಲ ಕಥೆ ಮನೆಯಲ್ಲಿ ಕೇಳಿದ ಮಗುವನ್ನು ಯಾವ ಗ್ರಾಫಿಕ್ಸೂ ಸುಲಭಕ್ಕೆ ಯಾಮಾರಿಸಲಾರದು.

ಪರದೆ ಎಷ್ಟು ದೊಡ್ಡದಾದರೂ ಆಗಲಿ. ಅದರ ಮೇಲೆ ಹುಲಿ ಸಾಯುವ ಹೊತ್ತಿಗೆ ನಮ್ಮ ಮಕ್ಕಳ ಕೈ ಕಣ್ಣೊರೆಸಿಕೊಳ್ಳಲು ಏಳಬೇಕು. ಶಿಳ್ಳೆಗೆ ಎದ್ದರೆ, ಸತ್ತದ್ದು ಹುಲಿಯಷ್ಟೇ ಅಲ್ಲ.